ಇಲಿ ಹಿಡಿಯಲು ಅನುಮತಿ: ಬೆಂಗಳೂರಿನಿಂದ ಕಾಮೆಂಗ್ ಕಾಡಿನವರೆಗೆ

ಕಾಡಿನ ಸಣ್ಣ ಪ್ರಾಣಿಗಳ ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತಿರುವ ಜೂನಿಯರ್‌ಗಳು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಅಕ್ಕಾ, ಇಲಿಗೂ ಪರ್ಮಿಟ್ ಬೇಕಾ?" ಬೇಕು. ಒಂದಲ್ಲ, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ನನ್ನ ಕೊನೆಯ ವರದಿ ಹೋದ ವಾರ ಕಳಿಸಿ ಕೈತೊಳೆದುಕೊಂಡೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಂದೇ ಸಲ ಬರೆದಿಡುವುದು ಮೇಲು ಅನ್ನಿಸಿತು.

ನನ್ನ ವಿಷಯ ಲಿಯೋಪೋಲ್ಡಮಿಸ್ ಎಂಬ ಕುಲ (ಜೀನಸ್, ಹತ್ತಿರದ ಪ್ರಭೇದಗಳ ಗುಂಪು). ಉದ್ದಬಾಲದ ದೈತ್ಯ ಇಲಿಗಳು. ಈಶಾನ್ಯ ಭಾರತದಿಂದ ದಕ್ಷಿಣ ಚೀನಾ, ಅಲ್ಲಿಂದ ಥಾಯ್ಲೆಂಡ್, ವಿಯೆಟ್ನಾಂ, ಬೋರ್ನಿಯೊ, ಜಾವಾದವರೆಗೆ ಕಾಡಿರುವಲ್ಲಿ ಇವು ಇವೆ. ನಮ್ಮ ಪಶ್ಚಿಮಘಟ್ಟದಲ್ಲಿ ಇಲ್ಲ. ನಮ್ಮ ದೇಶದಲ್ಲಿ ನೋಡಬೇಕಾದರೆ ಡಾರ್ಜಿಲಿಂಗ್‌ನಿಂದಾಚೆಗೆ, ಮೇಘಾಲಯ, ಅರುಣಾಚಲ, ನಾಗಾಲ್ಯಾಂಡ್ ಕಡೆಗೇ ಹೋಗಬೇಕು. ಅಲ್ಲಿಯದು ಎಡ್ವರ್ಡ್ಸಿ ಎಂಬ ಪ್ರಭೇದ: ಮೈ ಸುಮಾರು 21ರಿಂದ 28 ಸೆಂಟಿಮೀಟರ್, ಬಾಲ ಅದಕ್ಕಿಂತಲೂ ಉದ್ದ, 26ರಿಂದ 31ರವರೆಗೆ. ಈ ಬಾಲದ ಅಳತೆ ನೆನಪಿಟ್ಟುಕೊಳ್ಳಿ, ಮುಂದೆ ಅದರಿಂದ ಖರ್ಚಿದೆ.

ಮನೆಯಲ್ಲಿ ವಿಷಯ ಹೇಳಿದಾಗ ಅಮ್ಮ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಇಲಿ ನೋಡೋಕೆ ಅಷ್ಟು ದೂರ ಯಾಕೇ? ಹಿತ್ತಲ ಮೋರಿ ಕಲ್ಲು ಎತ್ತಿದ್ರೆ ನಿಂಗೆ ಬೇಕಾದಷ್ಟು ಸಿಗ್ತಾವೆ. ಹಿಡ್ಕೊಂಡು ಹೋಗು, ಇಡೀ ಹನುಮಂತನಗರ ನಿಂಗೆ ಸನ್ಮಾನ ಮಾಡುತ್ತೆ." ಮೋರಿಯಲ್ಲಿರುವುದು ಹೆಗ್ಗಣ, ಅದಕ್ಕೆ ಊರು ಬೇಕು, ಇದಕ್ಕೆ ಕಾಡೇ ಬೇಕು, ರಾತ್ರಿ ಓಡಾಡಿ ಕಾಡುಮರಗಳ ಬೀಜ ತಿಂದು, ತಿನ್ನದೆ ಉಳಿದದ್ದನ್ನು ಅಲ್ಲಲ್ಲಿ ಹೂತಿಟ್ಟು ಮರೆತು, ಹಾಗೇ ಕಾಡು ಬೆಳೆಸುತ್ತದೆ ಅಂತೆಲ್ಲ ವಿವರಿಸಿದೆ. "ಹೂತಿಟ್ಟು ಮರೆಯೋದಾದ್ರೆ ನಿಮ್ಮಪ್ಪನ ಹಾಗೇ," ಅಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಮರೆಯುವ ಮಾತು ನಾನು ಕಟ್ಟಿದ್ದಲ್ಲ. ಚೀನಾದ ಸಿಚುವಾನ್ ಪ್ರಾಂತ್ಯದ ದುಜಿಯಾಂಗ್‌ಯಾನ್ ಎಂಬಲ್ಲಿ ಸಂಶೋಧಕರು ವರ್ಷಗಟ್ಟಲೆ ಬೀಜಗಳಿಗೆ ಸಣ್ಣ ತೂತು ಕೊರೆದು, ತೆಳು ತಂತಿಯಲ್ಲಿ ನಂಬರಿನ ಚೀಟಿ ಕಟ್ಟಿ, ಯಾವ ಇಲಿ ಯಾವ ಬೀಜವನ್ನು ಎಷ್ಟು ದೂರ ಒಯ್ದು ಹೂತಿತು ಅಂತ ಹುಡುಕಿದ್ದಾರೆ. ಅಲ್ಲಿಯ ಮುಖ್ಯ ಬೀಜ ಸಾಗಣೆದಾರರಲ್ಲಿ ಈ ಎಡ್ವರ್ಡ್ಸಿಯೂ ಒಂದು. ಅದೇ ಕೆಲಸವನ್ನು ನಮ್ಮ ದೇಶದಲ್ಲಿ, ಅರುಣಾಚಲದ ಪಶ್ಚಿಮ ಕಾಮೆಂಗ್ ಜಿಲ್ಲೆಯ ಕಾಡಿನಲ್ಲಿ ಮಾಡಬೇಕು, ಜೊತೆಗೆ ಕಿವಿಯಂಚಿನ ಒಂದು ಚೂರು ತಂದು ಡಿಎನ್‌ಎ ನೋಡಬೇಕು ಅನ್ನುವುದು ನನ್ನ ಪ್ರಸ್ತಾವ. ಡಿಎನ್‌ಎ ಯಾಕೆಂದರೆ, ಥಾಯ್ಲೆಂಡ್, ವಿಯೆಟ್ನಾಂ ಕಡೆ ಒಂದೇ ಅಂದುಕೊಂಡಿದ್ದ ಪ್ರಭೇದಗಳು ಹೀಗೆ ನೋಡಿದ ಮೇಲೆ ಹಲವಾಗಿ ಒಡೆದಿವೆ.

ಈಗ ಕಾಗದಪತ್ರಕ್ಕೆ ಬರೋಣ.

ಎಲ್ಲರ ತಲೆಯಲ್ಲಿರುವುದು "ಇಲಿ ಅಂದ್ರೆ ಉಪದ್ರವಿ ಪ್ರಾಣಿ, ಕಾನೂನಿನ ರಕ್ಷಣೆ ಇಲ್ಲ" ಅನ್ನುವ ಮಾತು. ಒಂದು ಕಾಲಕ್ಕೆ ಅದು ನಿಜವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 5ನೇ ಪರಿಶಿಷ್ಟದಲ್ಲಿ ಕಾಗೆ, ಹಣ್ಣುಬಾವಲಿಗಳ ಜೊತೆ ಇಲಿ–ಹೆಗ್ಗಣಗಳೂ ಇದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು, 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಪಟ್ಟಿ ಏನೇ ಇರಲಿ, ಅಭಯಾರಣ್ಯದೊಳಗೆ ಕಾಲಿಡಲು, ಅಲ್ಲಿಂದ ಏನನ್ನೇ ತೆಗೆಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕೇ ಬೇಕು. ಬೋನು ಇಟ್ಟು ಹಿಡಿಯುವುದೂ ಕಾಯ್ದೆಯ ಭಾಷೆಯಲ್ಲಿ 'ಬೇಟೆ'ಯ ವ್ಯಾಖ್ಯೆಯೊಳಗೇ ಬರುತ್ತದೆ, ಆಮೇಲೆ ಬಿಟ್ಟುಬಿಟ್ಟರೂ ಅಷ್ಟೇ. ಇದನ್ನು ನಮ್ಮ ಸಂಶೋಧನೆಯ ಗೈಡ್ ಮೊದಲ ಭೇಟಿಯಲ್ಲೇ ಹೇಳಿ, ಕಾಯ್ದೆಯ ಪ್ರತಿ ಕೈಗೆ ಕೊಟ್ಟು, "ಓದಿ ಬಾ, ಆಮೇಲೆ ಇಲಿ" ಅಂದಿದ್ದರು.

ಏಪ್ರಿಲ್‌ನಲ್ಲಿ ಎರಡು ಅರ್ಜಿ ಒಟ್ಟಿಗೆ ಹಾಕಿದೆ. ಒಂದು ಅರುಣಾಚಲದ ಅರಣ್ಯ ಇಲಾಖೆಗೆ. ಇನ್ನೊಂದು ನಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಪ್ರತಿ ಸಂಸ್ಥೆಯಲ್ಲೂ ಇಂಥ ಸಮಿತಿ ಇರಬೇಕು ಅನ್ನುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಬಂದ ನಿಯಮ. 'ಫಾರ್ಮ್ ಬಿ' ತುಂಬಬೇಕು. ಆ ಫಾರ್ಮು ಲ್ಯಾಬ್ ಇಲಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಪ್ರಾಣಿಯನ್ನು ಎಲ್ಲಿಂದ ಖರೀದಿಸುತ್ತೀರಿ, ಪಂಜರದ ಅಳತೆ ಎಷ್ಟು, ಪ್ರಯೋಗ ಮುಗಿದ ಮೇಲೆ ಏನು ಮಾಡುತ್ತೀರಿ. ಕಾಡಿನಲ್ಲಿ ಹಿಡಿದು ಹತ್ತು ನಿಮಿಷದಲ್ಲಿ ಅಲ್ಲೇ ಬಿಡುವವಳು ಇದಕ್ಕೆಲ್ಲ ಏನು ಬರೆಯುವುದು? 'ಅನ್ವಯಿಸುವುದಿಲ್ಲ' ಅಂತ ಬರೆದು ಬಿಟ್ಟರೆ ಫೈಲು ವಾಪಸ್ ಬರುತ್ತದೆ. ಪ್ರತಿ ಕಲಮಿಗೂ ಒಂದೆರಡು ಸಾಲು ವಿವರಣೆ ಬರೆಯಿರಿ. ಎಲ್ಲಿಂದ ಅನ್ನುವಲ್ಲಿ ಕಾಡಿನ ಹೆಸರು, ಪಂಜರ ಅನ್ನುವಲ್ಲಿ ಬೋನಿನ ಅಳತೆ, ಕೊನೆಯಲ್ಲಿ 'ಹಿಡಿದ ಜಾಗದಲ್ಲೇ ಬಿಡುಗಡೆ'.

ಸಮಿತಿಯ ಸಭೆ ತಿಂಗಳಿಗೊಮ್ಮೆ ನಡೆಯುವುದಿಲ್ಲ. ಕೇಂದ್ರದಿಂದ ನಾಮನಿರ್ದೇಶಿತರಾದ ಹೊರಗಿನ ಸದಸ್ಯರು ಇಲ್ಲದೆ ಕೋರಂ ಆಗುವುದಿಲ್ಲ. ನನ್ನ ಪಾಲಿಗೆ ಬಂದ ಸಭೆ ಅದೇ ಕಾರಣಕ್ಕೆ ಮುಂದಕ್ಕೆ ಹೋಯಿತು. ಕೊನೆಗೆ ಜೂನ್‌ನಲ್ಲಿ ಕೂತರು. ಪ್ರಶ್ನೆಗಳು ಚೆನ್ನಾಗಿಯೇ ಇದ್ದವು, ಅದನ್ನು ಒಪ್ಪಿಕೊಳ್ಳಬೇಕು. ಚಳಿಯ ರಾತ್ರಿ ಬೋನಿನೊಳಗೆ ಪ್ರಾಣಿಗೆ ಬೆಚ್ಚಗಿರಲು ಏನು? ಹತ್ತಿ ಮತ್ತು ಒಣ ಹುಲ್ಲು. ಎಷ್ಟು ಹೊತ್ತಿಗೆ ಹೋಗಿ ನೋಡುತ್ತೀರಿ? ಬೆಳಕು ಹರಿಯುವ ಮೊದಲು. ಬೋನಿಗೆ ಮೂಗಿಲಿ (ಉದ್ದ ಮೂತಿಯ, ಹುಳ ತಿನ್ನುವ ಪುಟ್ಟ ಪ್ರಾಣಿ) ಬಿದ್ದರೆ? ಈ ಪ್ರಶ್ನೆಗೆ ತಯಾರಾಗಿ ಹೋಗಿ. ಮೂಗಿಲಿಗಳ ಮೈ ಬೇಗ ಬೇಗ ಶಕ್ತಿ ಸುಡುತ್ತದೆ, ಕೆಲವೇ ಗಂಟೆ ಹಸಿದರೂ ಸತ್ತುಹೋಗುತ್ತವೆ. ಹಾಗಾಗಿ ಕಾಳಿನ ಜೊತೆ ಮೂಗಿಲಿಗೆ ತಿನ್ನಲು ಒಣಮೀನಿನ ಚೂರನ್ನೂ ಬೋನಿನಲ್ಲಿಡುತ್ತೇವೆ, ನಡುರಾತ್ರಿ ಒಂದು ಸುತ್ತು ನೋಡುತ್ತೇವೆ ಅಂದೆ. ಸಮಿತಿಯಲ್ಲಿದ್ದ ಹಿರಿಯ ಪಶುವೈದ್ಯರೊಬ್ಬರು ಅಲ್ಲಿಯವರೆಗೆ ಸುಮ್ಮನಿದ್ದವರು, "ಇದು ಸರಿ" ಅಂತ ಬರೆದುಕೊಂಡರು.

ಆಮೇಲೆ ಬಿತ್ತು ಗಂಟು. "ಅರಣ್ಯ ಇಲಾಖೆಯ ಅನುಮತಿ ತನ್ನಿ, ಒಪ್ಪಿಗೆ ಕೊಡುತ್ತೇವೆ" ಎಂದು ಸಮಿತಿ. ಅತ್ತಲಿಂದ ಅದೇ ವಾರ ಮೇಲ್: "ನಿಮ್ಮ ನೀತಿ ಸಮಿತಿಯ ಒಪ್ಪಿಗೆ ಪತ್ರ ಲಗತ್ತಿಸಿಲ್ಲ." ಇವರು ಕೊಡದೆ ಅವರು ಕೊಡುವುದಿಲ್ಲ, ಅವರು ಕೊಡದೆ ಇವರು ಕೊಡುವುದಿಲ್ಲ. ಎರಡು ಮೇಲ್‌ಗಳನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡು ಕ್ಯಾಂಟೀನಿನಲ್ಲಿ ಕೂತು ನಕ್ಕಿದ್ದು ಇನ್ನೂ ನೆನಪಿದೆ. ಆ ನಗುವಿನಲ್ಲಿ ಖುಷಿಯೇನೂ ಇರಲಿಲ್ಲ.

ಬಿಡಿಸಿದ ದಾರಿ ಇದು. ಸಮಿತಿಯ ಮೆಂಬರ್ ಸೆಕ್ರೆಟರಿಗೆ ಪತ್ರ ಬರೆದು 'ಅರಣ್ಯ ಇಲಾಖೆಯ ಅನುಮತಿಗೆ ಒಳಪಟ್ಟು' ಅನ್ನುವ ಷರತ್ತಿನ ಒಪ್ಪಿಗೆ ಕೇಳಿ. ಆ ಒಂದು ಸಾಲಿನ ಷರತ್ತಿನಿಂದ ಇಬ್ಬರ ಮಾತೂ ಉಳಿಯುತ್ತದೆ. ನೀವು ಅರ್ಜಿಯ ಜೊತೆಗೇ ಇದನ್ನು ಕೇಳಿದರೆ ನನ್ನ ಒಂದು ಮಳೆಗಾಲ ನಿಮಗೆ ಉಳಿಯುತ್ತದೆ.

ಇನ್ನೊಂದು ತಕರಾರು ಹೆಸರಿನದು. ಈ ಇಲಿಯನ್ನು ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ 1882ರಲ್ಲಿ ವಿವರಿಸಿದಾಗ 'ಮಸ್' ಕುಲಕ್ಕೆ ಸೇರಿಸಿದ್ದರು. ಆಮೇಲೆ ಅದು 'ರ‍್ಯಾಟಸ್' ಆಯಿತು. 1940ರ ದಶಕದ ಕೊನೆಗೆ ಎಲರ್‌ಮನ್ ಎಂಬ ಇನ್ನೊಬ್ಬ ಪ್ರಾಣಿಶಾಸ್ತ್ರಜ್ಞರು ಅದರೊಳಗೇ ಲಿಯೋಪೋಲ್ಡಮಿಸ್ ಎಂಬ ಉಪಕುಲ ಮಾಡಿದರು. 1981ರಲ್ಲಿ ಮಸ್ಸರ್ ಎಂಬ ಮತ್ತೊಬ್ಬರು ಅದನ್ನು ಬೇರೆ ಕುಲವೆಂದೇ ಎತ್ತಿ ನಿಲ್ಲಿಸಿದರು. ನಾನು ಲಗತ್ತಿಸಿದ್ದ ಹಳೆಯ ಪ್ರಾಣಿಪಟ್ಟಿಯಲ್ಲಿ ರ‍್ಯಾಟಸ್ ಎಡ್ವರ್ಡ್ಸಿ, ಅರ್ಜಿಯಲ್ಲಿ ಲಿಯೋಪೋಲ್ಡಮಿಸ್ ಎಡ್ವರ್ಡ್ಸಿ. "ಅರ್ಜಿಯಲ್ಲಿರುವ ಪ್ರಾಣಿ ಪಟ್ಟಿಯಲ್ಲಿ ಇಲ್ಲ" ಅಂತ ಟಿಪ್ಪಣಿ ಬರೆದು ಫೈಲು ಕೆಳಗಿಳಿಯಿತು. ಗುಮಾಸ್ತರನ್ನು ದೂರಿ ಪ್ರಯೋಜನವಿಲ್ಲ, ಅವರು ಕಣ್ಣಿಗೆ ಕಂಡದ್ದನ್ನು ಬರೆದರು. ಅರ್ಜಿಯ ಮೊದಲ ಪುಟದಲ್ಲೇ ಈಗಿನ ಹೆಸರು, ಹಿಂದಿನ ಹೆಸರುಗಳು ಎಲ್ಲವನ್ನೂ ಒಂದು ಸಾಲಿನಲ್ಲಿ ಹಾಕಿಬಿಡಿ.

ಆಗಸ್ಟ್, ಸೆಪ್ಟೆಂಬರ್ ಬರೀ ಫೋನು. "ಫೈಲು ಮೇಲಿದೆ ಮೇಡಂ." ಮೇಲೆ ಅಂದರೆ ಎಲ್ಲಿ ಅಂತ ಕೇಳಿದರೆ "ಮೇಲೆ." ಅಷ್ಟರಲ್ಲಿ ಅತ್ತ ಕಾಡಿನಲ್ಲಿ ಕ್ಯಾಸ್ಟನಾಪ್ಸಿಸ್ (ಓಕ್ ಕುಟುಂಬದ) ಮರಗಳ ಕಾಯಿ ಬಲಿಯುವ ಹೊತ್ತು ಬರುತ್ತಿತ್ತು. ಬೀಜ ಬೀಳುವ ಕಾಲ ತಪ್ಪಿದರೆ ಪ್ರಾಜೆಕ್ಟಿನ ಅರ್ಧ ಒಂದು ವರ್ಷ ಮುಂದಕ್ಕೆ. ಫೆಲೋಶಿಪ್ ಅಷ್ಟು ದಿನ ಕಾಯುವುದಿಲ್ಲ. ರಾತ್ರಿ ನಿದ್ದೆ ಬಾರದೆ ಹಿತ್ತಲಿಗೆ ಬಂದು ನಿಂತರೆ ಮೋರಿಯ ಹೆಗ್ಗಣಗಳು ಯಾರ ಅನುಮತಿಯೂ ಇಲ್ಲದೆ ಓಡಾಡುತ್ತಿದ್ದವು. ಅಮ್ಮನ ಮಾತು ಕೇಳಬೇಕಿತ್ತೇನೋ ಅನ್ನಿಸಿದ್ದುಂಟು.

ಕಾಯುವ ಕಾಲದಲ್ಲಿ ಮುಗಿಸಬಹುದಾದ ಕೆಲಸಗಳಿವೆ.

ಮೊದಲನೆಯದು ಲಸಿಕೆ. ಕಾಡುಪ್ರಾಣಿ ಮುಟ್ಟುವವರು ರೇಬೀಸ್‌ಗೆ ಮುಂಜಾಗ್ರತೆಯ ಚುಚ್ಚುಮದ್ದು ತೆಗೆದುಕೊಳ್ಳಬೇಕು ಅನ್ನುವುದು ನಮ್ಮಲ್ಲಿ ಕಡ್ಡಾಯ. ಮೊದಲ ದಿನ, 7ನೇ ದಿನ, ಮತ್ತೆ 21 ಅಥವಾ 28ನೇ ದಿನ. ಅಂದರೆ ಹೊರಡುವ ವಾರದಲ್ಲಿ ಶುರು ಮಾಡಿದರೆ ಆಗುವುದಿಲ್ಲ. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಡಾಕ್ಟರು "ಯಾವ ನಾಯಿ ಕಚ್ಚಿತು?" ಅಂದರು. ಯಾವುದೂ ಇಲ್ಲ ಅಂದರೆ ನಂಬಲಿಲ್ಲ. ಸಂಸ್ಥೆಯ ಪತ್ರ ತೋರಿಸಬೇಕಾಯಿತು. ಒಂದು ಡೋಸ್‌ಗೆ ನಾಲ್ಕು ನೂರರ ಆಸುಪಾಸು. ಟೆಟನಸ್ ಕೂಡ ಹಾಕಿಸಿಕೊಂಡುಬಿಡಿ. ಇಲಿ ಜ್ವರಕ್ಕೆ ಮುಂಜಾಗ್ರತೆಯ ಮಾತ್ರೆ ಬೇಕೇ ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಎರಡನೆಯದು ಬೋನು. ಸಂಶೋಧಕರೆಲ್ಲ ಬಳಸುವ ಶರ್ಮನ್ ಬೋನು, ಮಡಚಿಡಬಹುದಾದ ಅಲ್ಯೂಮಿನಿಯಂ ಡಬ್ಬಿ, ಅಮೆರಿಕದಿಂದ ಬರಬೇಕು. ಸಾಗಣೆ, ಸುಂಕ ಎಲ್ಲ ಸೇರಿ ಲೆಕ್ಕ ಹಾಕಿದಾಗ ನನ್ನ ಇಡೀ ಬಜೆಟ್ ಅದಕ್ಕೇ ಹೋಗುತ್ತಿತ್ತು. ಅದೂ ಅಲ್ಲದೆ ಸಾಮಾನ್ಯ ಅಳತೆಯ ಡಬ್ಬಿಯಲ್ಲಿ ಈ ಇಲಿಯ ಬಾಲ ಹೊರಗೇ ಉಳಿದು, ಬಾಗಿಲು ಅದರ ಮೇಲೆ ಬೀಳುತ್ತದೆ. ಈ ಇಲಿಗಳ ಬಾಲದ ಚರ್ಮ ಎಳೆದರೆ ಸುಲಿದು ಬರುತ್ತದೆ. ಹಾಗಾಗಿ ಉದ್ದ ಹೆಚ್ಚಿರುವ ಜಾಲರಿ ಬೋನು ಇಲ್ಲೇ ಮಾಡಿಸುವುದೆಂದು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋದೆ.

ಜಾಲರಿ ಅಂಗಡಿಯವರು ಒಳಗಲ್ಲಿಯ ಒಬ್ಬ ವೆಲ್ಡರ್ ಹತ್ತಿರ ಕಳಿಸಿದರು. ಅರವತ್ತು ದಾಟಿದ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿದ್ದರು. ನನ್ನ ಚಿತ್ರ ನೋಡಿ, "ಇದು ಇಲಿಗಾ, ಮೊಲಕ್ಕಾ?" ಅಂದರು. ಇಲಿಗೇ ಅಣ್ಣ, ಬಾಲ ಇಷ್ಟುದ್ದ ಅಂತ ಕೈ ಅಗಲಿಸಿ ತೋರಿಸಿದೆ. ಟೇಪು ತೆಗೆದು ನನ್ನ ಎರಡು ಕೈಗಳ ನಡುವೆ ಹಿಡಿದು ಅಳೆದರು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದರು. "ಬಾಗ್ಲು ಮೇಲಿಂದ ಬೀಳೋದು ಬೇಡ, ಬಾಲಕ್ಕೆ ಏಟಾಗುತ್ತೆ. ಒಳಮುಖ ಓರೆಯಾಗಿ ಮುಚ್ಚೋ ಹಾಗೆ ಮಾಡೋಣ, ಕೆಳಗೆ ಒಂದು ಬೆರಳಷ್ಟು ಸಂದಿ ಬಿಡ್ತೀನಿ." ಮೂರು ವರ್ಷ ಪುಸ್ತಕ ಓದಿದ ನನಗೆ ಹೊಳೆಯದ ಮಾತು. ಮಾದರಿಯೊಂದನ್ನು ಮಾಡಿ, ತಾವೇ ಒಂದು ಹಗ್ಗದ ತುಂಡನ್ನು ಬಾಲದ ಹಾಗೆ ಇಟ್ಟು ಬಾಗಿಲು ಬೀಳಿಸಿ ನೋಡಿದರು. ಹಗ್ಗ ಸಲೀಸಾಗಿ ಈಚೆ ಬಂತು. ಒಂದಕ್ಕೆ ಆರು ನೂರು ಹೇಳಿ ಐದೂವರೆಗೆ ಒಪ್ಪಿದರು. ಜಾಲರಿಯ ಅಂಚುಗಳನ್ನು ಅರದಿಂದ ಉಜ್ಜಿಸಿಕೊಳ್ಳುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಪ್ರಾಣಿಯ ಮೂತಿ ಗಾಯವಾಗುತ್ತದೆ.

ಮೂರನೆಯದು, ಯಾರೂ ಹೇಳದೆ ಬಿಡುವುದು: ಎಥನಾಲ್. ಕಿವಿಯ ಚೂರನ್ನು ಕೆಡದಂತೆ ಇಡಲು ಎಲ್ಲರೂ ಬಳಸುವುದು ಶುದ್ಧ ಎಥನಾಲ್. ಅದು ಅಬಕಾರಿ ಇಲಾಖೆಯ ಲೆಕ್ಕಕ್ಕೆ ಬರುವ ವಸ್ತು, ಅಂಗಡಿಯಲ್ಲಿ ಕೇಳಿ ತರುವಂಥದ್ದಲ್ಲ. ಪರವಾನಗಿ ಇರುವ ಸಂಸ್ಥೆಯ ಸ್ಟೋರಿನಿಂದಲೇ ಪಡೆಯಬೇಕು. ಪಡೆದರೂ ರೈಲಿನಲ್ಲಿ ಬೆಂಕಿ ಹತ್ತುವ ದ್ರವ ಒಯ್ಯುವಂತಿಲ್ಲ. ನಾನು ಅದರ ಬದಲು ಡಿಎಂಎಸ್‌ಒ ಎಂಬ ರಾಸಾಯನಿಕಕ್ಕೆ ಉಪ್ಪು ತುಂಬಿದ ದ್ರಾವಣ ಮಾಡಿಕೊಂಡು ಹೋದೆ. ಬೆಂಕಿಯ ಚಿಂತೆ ಇಲ್ಲ, ಫ್ರಿಜ್ ಬೇಕಿಲ್ಲ, ಡಿಎನ್‌ಎ ಚೆನ್ನಾಗಿಯೇ ಉಳಿಯುತ್ತದೆ.

ವಿದೇಶದ ಲ್ಯಾಬೊಂದು ಪುಕ್ಕಟೆ ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸಾಲನ್ನು ಓದುವ ಕೆಲಸ) ಮಾಡಿಕೊಡುವುದಾಗಿ ಹೇಳಿತ್ತು. ಗೈಡ್ ಬೇಡವೆಂದು ತಲೆಯಾಡಿಸಿಬಿಟ್ಟರು. ಸ್ಯಾಂಪಲ್ ದೇಶದಾಚೆ ಹೋಗಬೇಕಾದರೆ 2002ರ ಜೀವವೈವಿಧ್ಯ ಕಾಯ್ದೆಯ ಬಾಗಿಲು ತಟ್ಟಬೇಕು, ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದವರೆಗೆ ಹೋಗುತ್ತದೆ. ಬೆಂಗಳೂರಿನಲ್ಲೇ ಮಾಡಿಸಿದರೆ ಖರ್ಚು ಸ್ವಲ್ಪ, ತಲೆನೋವು ಇಲ್ಲ.

ದೀಪಾವಳಿ ಹೊತ್ತಿಗೆ ಅನುಮತಿ ಬಂತು. ಪಿಡಿಎಫ್ ತೆರೆದಾಗ ಕೈ ನಡುಗುತ್ತಿತ್ತು. ಖುಷಿಯ ಜೊತೆಗೇ ಷರತ್ತುಗಳ ಪಟ್ಟಿ: ಸಿಬ್ಬಂದಿ ಜೊತೆಗಿರಬೇಕು, ಪ್ರಾಣಿ ಸತ್ತರೆ ತಕ್ಷಣ ತಿಳಿಸಬೇಕು, ವರದಿ ಕೊಡಬೇಕು. ಮತ್ತೊಂದು ಸಾಲು: ಅಭಯಾರಣ್ಯದ ಹೊರಗಿನ ಕಾಡಿಗೆ ಇದು ಅನ್ವಯಿಸದು. ನನ್ನ ಅರ್ಧ ಜಾಗ ಹೊರಗಿನದೇ. ಅರುಣಾಚಲದಲ್ಲಿ ಬಹುಪಾಲು ಕಾಡು ಊರಿನವರದು, ಅಲ್ಲಿ ಹಿರಿಯರು ಒಪ್ಪದೆ ಒಂದು ಎಲೆ ಅಲುಗುವುದಿಲ್ಲ. ಆ ಒಪ್ಪಿಗೆ ಬೆಂಗಳೂರಿನಿಂದ ಮೇಲ್ ಕಳಿಸಿ ಸಿಗುವಂಥದ್ದಲ್ಲ. ಮೊದಲೇ ಅಲ್ಲಿ ಕೆಲಸ ಮಾಡಿದವರ ಮೂಲಕ ಮಾತಾಡಿಸಿ, ಖುದ್ದು ಹೋಗಿ ಕೂತು, ಏನು ಮಾಡುತ್ತೇವೆ ಅಂತ ಹೇಳಬೇಕು.

ಇನ್ನರ್ ಲೈನ್ ಪರ್ಮಿಟ್ ಬೇರೆ ಬೇಕು. 1873ರ ಬ್ರಿಟಿಷರ ಕಾಲದ ಕಟ್ಟಳೆ ಇನ್ನೂ ನಡೆಯುತ್ತಿದೆ. ಇದು ಮಾತ್ರ ಆನ್‌ಲೈನಿನಲ್ಲಿ ಸುಲಭವಾಗಿ ಆಯಿತು. ಆದರೆ ಅದು ರಾಜ್ಯದೊಳಗೆ ಬರಲು ಕೊಡುವ ಪತ್ರ, ಸಂಶೋಧನೆಗಲ್ಲ. ಎರಡನ್ನೂ ಪ್ರಿಂಟ್ ಹಾಕಿಸಿ, ನಾಲ್ಕು ಪ್ರತಿ ಇಟ್ಟುಕೊಳ್ಳಿ; ಚೆಕ್‌ಗೇಟಿನಲ್ಲಿ ಮೊಬೈಲ್ ತೋರಿಸಿದರೆ ನೆಟ್‌ವರ್ಕ್ ಇರುವುದಿಲ್ಲ.

ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಗುವಾಹಟಿ ರೈಲು. ಬೋನುಗಳ ಕಟ್ಟನ್ನು ಬೋಗಿಯೊಳಗೆ ಬಿಡಲಿಲ್ಲ. ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು, ಅದಕ್ಕೆ ಗೋಣಿ ಸುತ್ತಿ ಹೊಲಿಸಬೇಕು, ಅದಕ್ಕೆ ಒಬ್ಬರು ಹೊರಗೆ ಕೂತಿರುತ್ತಾರೆ. ರೈಲು ಹೊರಡುವ ಮೂರು ಗಂಟೆ ಮೊದಲಾದರೂ ಹೋಗಿ. ಬೋನಿನೊಳಗೆ ಇಡುವ ಮೇವಿಗೆ ಬಸವನಗುಡಿ ಪರಿಷೆಯಲ್ಲಿ ಕೊಂಡ ಕಡಲೆಕಾಯಿ ಬೀಜ ಹುರಿದು ಡಬ್ಬಿಗೆ ತುಂಬಿದ್ದೆ. ಎದುರು ಸೀಟಿನ ಅಜ್ಜಿ ಅದರಲ್ಲಿ ಒಂದು ಹಿಡಿ ತಿಂದರು, ಯಾರಿಗಾಗಿ ತಂದದ್ದು ಅಂತ ನಾನು ಹೇಳಲಿಲ್ಲ.

ಗುವಾಹಟಿಯಿಂದ ತೇಜ್‌ಪುರ, ಭಾಲುಕ್‌ಪೋಂಗ್ ಗೇಟು ದಾಟಿ ಮೇಲೆ ಪಶ್ಚಿಮ ಕಾಮೆಂಗ್. ಊರಿನ ಹಿರಿಯರ ಮುಂದೆ ಕೂತಾಗ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಹಿಡಿದು ತಿನ್ನುವುದಿಲ್ಲವಾ?" ಅಂತ. ಇಲ್ಲ, ತೂಗಿ ಬಿಡುತ್ತೇನೆ ಅಂದಾಗ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಆ ರಾಜ್ಯದಲ್ಲಿ ಇಲಿಯ ಮಾಂಸಕ್ಕೆ ಗೌರವವಿದೆ. ಸಿಯಾಂಗ್ ಕಡೆಯ ಆದಿ ಜನ ಮಾರ್ಚ್ ತಿಂಗಳ ಉನ್ಯಿಂಗ್ ಅರಾನ್ ಹಬ್ಬದಲ್ಲಿ ಕಾಡಿಲಿಯ ಅಡುಗೆ ಮಾಡುತ್ತಾರೆ, ಮದುವೆಯ ಉಡುಗೊರೆಯಲ್ಲೂ ಇಲಿ ಇರುತ್ತದೆ. ನಾವು ಮೂಗು ಮುರಿಯುವ ವಿಷಯ ಅಲ್ಲಿ ಅಕ್ಕರೆಯದು. ಒಪ್ಪಿಗೆ ಸಿಕ್ಕಿತು, ಊರಿನ ಇಬ್ಬರು ಹುಡುಗರನ್ನು ಕೂಲಿ ಕೊಟ್ಟು ಜೊತೆಗಿಟ್ಟುಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ. ಅವರಿಲ್ಲದೆ ನಾನು ಒಂದೇ ಒಂದು ಇಲಿಯನ್ನೂ ಕಾಣುತ್ತಿರಲಿಲ್ಲ. ಬೋನನ್ನು ದಾರಿಯ ಪಕ್ಕ ಇಡುತ್ತಿದ್ದವಳನ್ನು ಬಿದ್ದ ಮರದ ದಿಮ್ಮಿಯ ಬಳಿಗೆ ಕರೆದೊಯ್ದು, ಕಾಯಿ ಕಡಿದ ಸಿಪ್ಪೆ ತೋರಿಸಿ, "ಇಲ್ಲಿ" ಅಂದವರು ಅವರು.

ಮೊದಲ ಕೆಲವು ರಾತ್ರಿ ಬರೀ ಚಿಕ್ಕ ಇಲಿಗಳು. ಆಮೇಲೆ ಒಂದು ನಸುಕಿನಲ್ಲಿ ಬೋನು ಭಾರವಾಗಿತ್ತು. ಟಾರ್ಚ್ ಹಾಕಿದೆ. ಬೆನ್ನು ಕಂದು, ಹೊಟ್ಟೆ ಹಾಲಿನಂಥ ಬಿಳಿ, ಎರಡರ ನಡುವೆ ಗೆರೆ ಎಳೆದಷ್ಟು ಸ್ಪಷ್ಟ ಅಂಚು. ದೊಡ್ಡ ಕಿವಿ, ಭುಜದಾಚೆಗೆ ಚಾಚಿದ ಮೀಸೆ. ಬಾಲ ಮೇಲೆ ಕಪ್ಪು, ಕೆಳಗೆ ಬಿಳಿ, ವೆಲ್ಡರಣ್ಣ ಬಿಟ್ಟ ಸಂದಿಯಿಂದ ಎರಡು ಅಂಗುಲ ಹೊರಗೆ ಬಂದಿತ್ತು, ಒಂದು ಗೀರೂ ಇರಲಿಲ್ಲ. ಬಟ್ಟೆ ಚೀಲಕ್ಕೆ ಇಳಿಸಿಕೊಂಡು ತಕ್ಕಡಿಗೆ ತೂಗುಹಾಕಿದಾಗ ಉಸಿರಾಟ ಬಟ್ಟೆಯ ಮೂಲಕ ಕಾಣುತ್ತಿತ್ತು. ಹೆಗ್ಗಣದ ಹಾಗೆ ಕಿರುಚಲಿಲ್ಲ, ಕಚ್ಚಲಿಲ್ಲ. ಕಿವಿಯಂಚಿನ ಚೂರು ತೆಗೆದು ಬಿಟ್ಟೆವು. ಓಡಲಿಲ್ಲ ಮಹರಾಯ, ದಿಮ್ಮಿಯ ಮೇಲೆ ಕೂತು ಒಮ್ಮೆ ಕಿವಿ ತಿಕ್ಕಿಕೊಂಡು ಹೋಯಿತು.

ಬೀಜದ ಕೆಲಸ ಅರ್ಧವೇ ಆಯಿತು, ಹೆಚ್ಚಿನ ಕಾಯಿ ಉದುರಿ ಮುಗಿದಿತ್ತು. ಚೀಟಿ ಕಟ್ಟಿದ ಬೀಜಗಳಲ್ಲಿ ಕೆಲವು ಮಣ್ಣಿನಡಿ ಸಿಕ್ಕವು, ಹಲವು ಸಿಪ್ಪೆಯಾಗಿ ಸಿಕ್ಕವು, ಉಳಿದವು ಪತ್ತೆಯೇ ಇಲ್ಲ. ಇರುವಷ್ಟನ್ನೇ ಬರೆದೆ.

ಬೆಂಗಳೂರಿಗೆ ವಾಪಸಾದ ಮೇಲೆ ಜ್ವರ. ತಲೆ ಸಿಡಿತ, ಮೈಯೆಲ್ಲ ನೋವು. ಹೋದ ಆಸ್ಪತ್ರೆಯಲ್ಲಿ ಡೆಂಗಿ ಟೆಸ್ಟ್ ಮಾಡಿ, ನೆಗೆಟಿವ್ ಅಂತ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. ಕಾಡಿಗೆ ಹೋಗಿದ್ದೆ, ಇಲಿ ಮುಟ್ಟಿದ್ದೆ ಅಂತ ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಸ್ನಾನ ಮಾಡುವಾಗ ಸೊಂಟದ ಪಟ್ಟಿಯ ಜಾಗದಲ್ಲಿ ಬೀಡಿ ತುದಿ ತಾಗಿಸಿದ ಹಾಗೆ ಕಪ್ಪು ಹಕ್ಕಳೆ ಕಂಡಿತು. ಅದನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಿದ ತಕ್ಷಣ "ಸ್ಕ್ರಬ್ ಟೈಫಸ್ ಇರಬಹುದು" ಅಂದು ರಕ್ತ ಪರೀಕ್ಷೆಗೆ ಬರೆದು, ಅವತ್ತೇ ಡಾಕ್ಸಿಸೈಕ್ಲಿನ್ ಶುರು ಮಾಡಿದರು. ಎರಡು ದಿನದಲ್ಲಿ ಜ್ವರ ಇಳಿಯಿತು. ಇದು ಇಲಿ ಕಚ್ಚಿ ಬರುವುದಲ್ಲ. ಇಲಿಗಳ ಮೈಮೇಲೆ, ಹುಲ್ಲಿನಲ್ಲಿ ಇರುವ ಕಣ್ಣಿಗೆ ಕಾಣದಷ್ಟು ಸಣ್ಣ ಉಣ್ಣೆಜಾತಿಯ ಮರಿಗಳಿಂದ ಬರುವುದು. ಕಚ್ಚಿದ ಒಂದರಿಂದ ಮೂರು ವಾರದೊಳಗೆ ಜ್ವರ ಬರುತ್ತದೆ, ಅಂದರೆ ಬಹುತೇಕ ನೀವು ಮನೆಗೆ ಬಂದ ಮೇಲೆಯೇ. ಪ್ಯಾಂಟನ್ನು ಸಾಕ್ಸ್‌ನೊಳಗೆ ಸೇರಿಸಿ, ನೆಲದ ಮೇಲೆ ಕೂರಬೇಡಿ, ಜ್ವರ ಬಂದರೆ ಮೈಯೆಲ್ಲ ಹುಡುಕಿ ನೋಡಿ, ಡಾಕ್ಟರಿಗೆ ಪ್ರವಾಸದ ವಿವರವನ್ನು ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆದು ಕೊಡಿ. ಅಮ್ಮ ಆ ವಾರ ಪೂರ್ತಿ ಗಂಜಿ ಮಾಡಿಕೊಟ್ಟರು, ಇಲಿಯ ಮಾತು ಮಾತ್ರ ಎತ್ತಲಿಲ್ಲ.

ಲ್ಯಾಬಿನ ಭಾಗದಲ್ಲಿ ಹೇಳಿಕೊಳ್ಳುವಂಥ ಸಾಹಸವಿಲ್ಲ. ಡಿಎಂಎಸ್‌ಒದಲ್ಲಿಟ್ಟ ಚೂರುಗಳಿಂದ ಡಿಎನ್‌ಎ ಚೆನ್ನಾಗಿ ಬಂತು. ಹೊರದೇಶಗಳ ಸೀಕ್ವೆನ್ಸ್‌ಗಳು ಜೀನ್‌ಬ್ಯಾಂಕ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಪುಕ್ಕಟೆ ಸಿಗುತ್ತವೆ, ಹೋಲಿಸಿ ನೋಡುವ ಕೆಲಸ ನಡೆಯುತ್ತಿದೆ.

ಕೊನೆಯ ಕಾಗದ, ಅಂತಿಮ ವರದಿ. ಅರಣ್ಯ ಇಲಾಖೆಗೆ ಒಂದು, ನೀತಿ ಸಮಿತಿಗೆ ಒಂದು. ಎರಡಕ್ಕೂ ಮಾದರಿ ಬೇರೆ, ಆದರೆ ಎಷ್ಟು ಪ್ರಾಣಿ ಹಿಡಿದಿರಿ, ಎಷ್ಟು ಬಿಟ್ಟಿರಿ ಅನ್ನುವ ಅಂಕಿ ಎರಡರಲ್ಲೂ ಒಂದೇ ಇರಲಿ, ಜೋಡಿಸಿ ನೋಡುತ್ತಾರೆ. ಊರಿಗೆ ಫೋಟೊಗಳಿರುವ ಎರಡು ಪುಟದ ಹಿಂದಿ ಸಾರಾಂಶ ಕಳಿಸಿದೆ, ಅದನ್ನು ಯಾರೂ ಕೇಳಿರಲಿಲ್ಲ, ಆದರೂ ಕಳಿಸಿ. ಸ್ಪೀಡ್ ಪೋಸ್ಟ್ ರಸೀದಿಗಳನ್ನು ಜೋಪಾನ ಮಾಡಿ, ಮುಂದಿನ ಅರ್ಜಿಗೆ ಲಗತ್ತಿಸಲು ಬೇಕಾಗುತ್ತವೆ.

ಬೋನುಗಳು ನಮ್ಮ ಲ್ಯಾಬಿನ ಅಟ್ಟದಲ್ಲಿವೆ. ಬೇಕಾದವರು ಬಂದು ಒಯ್ಯಬಹುದು, ರಿಜಿಸ್ಟರಿನಲ್ಲಿ ಹೆಸರು ಬರೆದು. ವಾಪಸ್ ಕೊಡುವಾಗ ಬ್ಲೀಚಿಂಗ್ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ತನ್ನಿ. ಒಂದರ ಸ್ಪ್ರಿಂಗ್ ಸಡಿಲವಾಗಿದೆ, ಅದಕ್ಕೆ ಕೆಂಪು ದಾರ ಕಟ್ಟಿದ್ದೇನೆ.